ಶುಕ್ರವಾರದ ಹುಣಸೆಹಣ್ಣು

"ಇನ್ನೊಂದ್ಸಲ ತೂಗಿ ಆಚಾರ್ರೇ. ನನ್ ಕಣ್ಣೆದ್ರುಗೇ ತೂಗಿ," ಎಂದು ಬೆಟ್ಟಮ್ಮ ಸೆರಗಿನ ಗಂಟು ಬಿಚ್ಚಿ ಚಿನ್ನದ ಸರವನ್ನು ಮಣೆಯ ಮೇಲಿಟ್ಟಳು.

ಪುಟ್ಟಸ್ವಾಮಿ ಆಚಾರ್ರು ತೂಗಿದರು. ಒಂದು ತಟ್ಟೆಯಲ್ಲಿ ಸರ, ಇನ್ನೊಂದರಲ್ಲಿ ಇಪ್ಪತ್ತು ಗ್ರಾಮಿನ ಹಿತ್ತಾಳೆಯ ತೂಕದ ಬಟ್ಟು. ತಕ್ಕಡಿಯ ಮುಳ್ಳು ಒಮ್ಮೆ ಅತ್ತಿತ್ತ ಆಡಿ ನಟ್ಟನಡುವೆ ನಿಂತಿತು. ಮೂರು ತಿಂಗಳ ಹಿಂದೆ ಅವಳ ಮಗಳು ರಂಜಿತಳ ಮದುವೆಗೆ ಅವರೇ ಮಾಡಿ ಮಾರಿದ್ದ ಸರ ಅದು.

"ನೋಡವ್ವ. ಎಲ್ಲದೆ ಕಮ್ಮಿ?"

"ಪ್ಯಾಟೆ ಅಂಗ್ಡೀಲಿ ಕರೆಂಟು ತಕ್ಕಡಿ ಬಂದದಂತಲ್ಲ, ಅಳಿಯ ಅದ್ರಲ್ಲಿಟ್ರೆ ಅರ್ಧ ಗ್ರಾಮು ಕಮ್ಮಿ ತೋರುಸ್ತಂತೆ. ಸೊಸೆ ಮನೇರು ತೂಕದಲ್ಲೂ ಮೋಸ ಮಾಡವ್ರೆ ಅಂತ ಬೀಗಿತ್ತಿ ದಿನಾ ಎತ್ತಾಡ್ತಾವ್ಳೆ. ನನ್ ಕೂಸು ಸರ ಬಿಚ್ಚಿ ನನ್ ಕೈಗೆ ಕೊಟ್ಟು, ಇನ್ನು ಶೀಳನೆರೆ ಗಂಡನ ಮನೆಗೆ ಕಾಲಿಡಾಕಿಲ್ಲ ಅಂತ ಮೂಲೇಲಿ ಕುಂತದೆ ಆಚಾರ್ರೇ. ಮೂರು ದಿನಾಯ್ತು."

ಆಚಾರ್ರಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಸಂತೆಬಾಚಹಳ್ಳಿಯಲ್ಲಿ ಅವರಪ್ಪನ ಕಾಲದಿಂದ ನಡೆದ ಅಂಗಡಿ. ಬಿಲ್ಲು ಕೊಟ್ಟವರಿಲ್ಲ, ಕೇಳಿದವರೂ ಇಲ್ಲ. ತೊಲ ಹೋಗಿ ಗ್ರಾಮು ಬಂದಾಗ ಅಪ್ಪ ಮೈಸೂರಿಗೆ ಹೋಗಿ ತಂದ ಬಟ್ಟುಗಳು ಇವು. ಮೊದಮೊದಲು ವರ್ಷವರ್ಷ ಸರ್ಕಾರದ ಮೊಹರು ಹಾಕಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ, ನಮ್ಮಪ್ಪನ ಬಟ್ಟಿಗೆ ಇನ್ನೊಬ್ಬ ಮೊಹರು ಒತ್ತುವುದೇನು ಎಂಬ ಜಂಬದಲ್ಲಿ ಆಚಾರ್ರು ಅದನ್ನೂ ನಿಲ್ಲಿಸಿದ್ದರು. ಶುಕ್ರವಾರ ಬಂದರೆ ಅವರ ಹೆಂಡತಿ ನಾಗಲಕ್ಷ್ಮಮ್ಮ ದೀಪ, ಗಂಟೆ, ಆರತಿ ತಟ್ಟೆಗಳ ಜೊತೆ ಆ ಬಟ್ಟುಗಳಿಗೂ ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಅನ್ನುವ ಹಾಗೆ ಉಜ್ಜಿ, ಕುಂಕುಮವಿಟ್ಟು ದೇವರಮನೆಯ ಕಾಳಮ್ಮನ ಮುಂದೆ ಇಡುತ್ತಿದ್ದರು. ಅಂಥ ಬಟ್ಟಿನ ಮೇಲೆ ಅನುಮಾನವೇ?

"ನಡಿಯವ್ವ," ಎಂದು ಆಚಾರ್ರು ಎದ್ದರು. "ಆ ಮಿಷಿನ್ನಿಗೆ ಇವತ್ತು ಬುದ್ಧಿ ಕಲಿಸ್ತೀನಿ."

ಬಸ್ಸಿನಲ್ಲಿ ಕೂತವರದೆಲ್ಲ ದಿಲ್ಲಿಯದೇ ಮಾತು. ಹದಿಮೂರು ದಿನಕ್ಕೆ ಒಂದು ಸರ್ಕಾರ ಬಿದ್ದಿತ್ತು, ಈಗ ಪಕ್ಕದ ಜಿಲ್ಲೆಯವರೇ ಹೋಗಿ ಗಾದಿಯ ಮೇಲೆ ಕೂತಿದ್ದರು. ಆಚಾರ್ರ ಕಿವಿಗೆ ಅದು ಯಾವುದೂ ಬೀಳಲಿಲ್ಲ. ತೊಡೆಯ ಮೇಲಿದ್ದ ಬಟ್ಟಿನ ಪೆಟ್ಟಿಗೆ ಬಸ್ಸು ಕುಲುಕಿದಾಗಲೆಲ್ಲ ಕಟಕಟ ಅನ್ನುತ್ತಿತ್ತು. ಒಂದೊಂದು ಬಟ್ಟಿಗೂ ಮರದಲ್ಲಿ ಅಳತೆಯ ಗುಳಿ ಕೊರೆದ ಪೆಟ್ಟಿಗೆ ಅದು. ಚಿಕ್ಕವರಿದ್ದಾಗ ಬಟ್ಟನ್ನು ಮೀಟಿ ತೆಗೆಯಲು ಉಗುರೇ ಮುರಿದುಹೋಗುತ್ತಿತ್ತು. ಇದು ಯಾವಾಗಿನಿಂದ ಹೀಗೆ ಸದ್ದು ಮಾಡುತ್ತಿದೆ ಎಂದು ಅವರಿಗೆ ನೆನಪಾಗಲಿಲ್ಲ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡರು.

ಕೃಷ್ಣರಾಜಪೇಟೆಯ ಎಸ್‌ಟಿಡಿ ಬೂತಿನ ಪಕ್ಕದಲ್ಲೇ ಆ ಹೊಸ ಅಂಗಡಿ. ನಡೆಸುವವನು ಶಿವಪ್ರಕಾಶ್, ಆಚಾರ್ರ ಚಿಕ್ಕಪ್ಪನ ಮೊಮ್ಮಗ. "ಬನ್ನಿ ದೊಡ್ಡಪ್ಪ" ಎಂದು ಎದ್ದು ನಿಂತ. ಬೆಟ್ಟಮ್ಮನ ಅಳಿಯ ಚಲುವರಾಜು ಅದೇ ಊರಿನ ಸ್ಕೂಲಿನಲ್ಲಿ ಗುಮಾಸ್ತ. ಹೇಳಿಕಳಿಸಿದ್ದಕ್ಕೆ ಅವನೂ ಬಂದ. ಪೇಪರಿನಿಂದ ಕತ್ತರಿಸಿದ ಒಂದು ತುಂಡನ್ನು ಜೇಬಿನಿಂದ ತೆಗೆದು ತೋರಿಸಿ ಮತ್ತೆ ಒಳಗಿಟ್ಟ.

"ನೋಡಿ ಆಚಾರ್ರೇ, ಮುಚ್ಚುಮರೆ ಇಲ್ಲ. ಮಂಡ್ಯದಲ್ಲಿ ಗ್ರಾಹಕರ ಕೋರ್ಟದೆ. ವಕೀಲ್ರೂ ಬ್ಯಾಡ, ಒಂದು ಬಿಳೀ ಹಾಳೆ ಸಾಕು. ಕಾಸು ಕೊಟ್ಟೋರ್ಗೂ ಹಕ್ಕದೆ."

"ಹಾಕಪ್ಪ, ಬ್ಯಾಡ ಅಂದೋರ್ಯಾರು? ಮೊದ್ಲು ಇದ ನೋಡು," ಎಂದು ಆಚಾರ್ರು ಇಪ್ಪತ್ತು ಗ್ರಾಮಿನ ಬಟ್ಟು ತೆಗೆದು ಕರೆಂಟು ತಕ್ಕಡಿಯ ಗಾಜಿನ ಗೂಡಿನೊಳಗೆ ತಾವೇ ಇಟ್ಟರು.

ಕೆಂಪು ಅಂಕಿಗಳು ಓಡಿ ನಿಂತವು. 19.520. ಸರವನ್ನಿಟ್ಟರು. ಅದೂ ಅಷ್ಟೇ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಂಚಯ್ಯ, ಸಂತೆಬಾಚಹಳ್ಳಿಯವನೇ, ಬಾಯಿ ಬಿಟ್ಟ. "ಥೂ, ಕರೆಂಟು ಮಿಷಿನ್ನ ನಂಬಕಾಯ್ತದಾ? ನಮ್ಮೂರ ಲೈಟು ನೋಡಿ, ಒಂದು ಗಳಿಗೆ ಮಿಣುಕ್ತದೆ, ಒಂದು ಗಳಿಗೆ ಉರೀತದೆ. ಇದೂ ಅಂಗೇಯ. ಆಚಾರ್ರ ತೂಕ ಅಂದ್ರೆ ತೂಕ."

ಶಿವಪ್ರಕಾಶ್ ಆಚಾರ್ರ ಮುಖ ನೋಡಿದ. "ಔದು ದೊಡ್ಡಪ್ಪ," ಎಂದ ಮೆಲ್ಲಗೆ. "ವೋಲ್ಟೇಜು ಏರುಪೇರಾದ್ರೆ ಒಂದೊಂದ್ಸಲ ಇಂಗೆ ತೋರಿಸ್ತದೆ. ಕಂಪನಿಯೋರ್ನ ಕರೆಸ್ತೀನಿ ಬುಡಿ."

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಆಚಾರ್ರಿಗೆ ತಿಳಿಯಿತು. ತಮ್ಮ ಮಾನ ಉಳಿಸಲು ಆ ಹುಡುಗ ತನ್ನ ಹೊಸ ಅಂಗಡಿಯ ಹೆಸರನ್ನೇ ಕೆಡಿಸಿಕೊಳ್ಳಲು ಹೊರಟಿದ್ದ. ಒಂದು 'ಹೂಂ' ಅಂದರೆ ಮುಗಿಯುತ್ತಿತ್ತು. ಬಿಲ್ಲಿಲ್ಲದ ಮೇಲೆ ಯಾವ ಕೋರ್ಟೂ ಅವರನ್ನು ಕೇಳುವಂತಿರಲಿಲ್ಲ. ರಂಜಿತ ಮಾತ್ರ ತವರಿನ ಮೂಲೆಯಲ್ಲೇ ಕೂತಿರುತ್ತಿದ್ದಳು.

"ಮೊಹರಿನ ಬಟ್ಟು ಮಡಗಿದ್ದೀಯೇನಪ್ಪ?"

"ದೊಡ್ಡಪ್ಪ, ಅದೆಲ್ಲ ಯಾಕೀಗ..."

"ಕೊಡು."

ಹೊಸ ಬಟ್ಟು ಇಟ್ಟರು. 20.000. ಆಚಾರ್ರು ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಹೊಸದರ ಅಂಚು ಚೂಪಾಗಿತ್ತು. ತಮ್ಮದರ ಅಂಚು ಉಂಡೆಯಾಗಿ, ತಳದ ಅಂಕಿ ಅರ್ಧ ಅಳಿಸಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಹೊಳಪು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಬಂದದ್ದು. ಮೂವತ್ತೈದು ವರ್ಷದ ಶುಕ್ರವಾರಗಳು! ಮೊದಲು ಅವ್ವ, ಆಮೇಲೆ ನಾಗಲಕ್ಷ್ಮಮ್ಮ.

ಇನ್ನೊಂದೂ ನೆನಪಾಯಿತು. ಪೇಟೆಯ ತೂಕದಲ್ಲಿ ಕೊಂಡ ಚಿನ್ನವನ್ನು ತಮ್ಮ ತೂಕದಲ್ಲಿ ಮಾರಿದರೆ ವರ್ಷದ ಕೊನೆಗೆ ಚೂರುಪಾರು ಉಳಿಯುತ್ತಿತ್ತು. ಕಾಳಮ್ಮ ಕೊಟ್ಟದ್ದು ಎಂದು ಕಣ್ಣಿಗೊತ್ತಿಕೊಂಡು, ಕೂಡಿಸಿ ಕರಗಿಸಿ, ಅವಳ ಕೊರಳಿಗೇ ಒಂದು ಪದಕ ಮಾಡಿದ್ದರು.

"ಮಿಷಿನ್ನು ಸರಿಯಾಗದೆ," ಎಂದರು ಆಚಾರ್ರು. "ಸವದಿರೋದು ನನ್ ಬಟ್ಟು. ಶಿವಪ್ರಕಾಶ, ಒಂದು ಹಾಳೆ ಕೊಡು."

"ಯಾಕ್ ಆಚಾರ್ರೇ?" ಎಂದ ಚಲುವರಾಜು. ಅವನ ದನಿಯ ಬಿಸಿ ಇಳಿದಿತ್ತು.

"ಬಿಲ್ಲು. ಅವತ್ತೇ ಕೊಡಬೇಕಿತ್ತು."

ಕನ್ನಡಕ ಏರಿಸಿ, ಹಳ್ಳಿಯ ಸ್ಕೂಲಿನ ದುಂಡು ಅಕ್ಷರದಲ್ಲಿ ಬರೆದರು. ಇಪ್ಪತ್ತು ಗ್ರಾಮೆಂದು ನಾನು ಮಾರಿದ ಸರ ಹತ್ತೊಂಬತ್ತೂವರೆಯಷ್ಟೇ ಇದೆ. ಹೆಣ್ಣಿನ ಮನೆಯವರ ತಪ್ಪಿಲ್ಲ, ತಪ್ಪು ನನ್ನದು. ಅದರ ಕೆಳಗೆ ಸಹಿ ಹಾಕಿದರು. "ಇದ ನಿಮ್ಮವ್ವಂಗೆ ಓದಿ ಯೋಳಪ್ಪ. ಆಮೇಲೆ ಬೇಕಾದ್ರೆ ಮಂಡ್ಯಕ್ಕೂ ತಕಂಡೋಗು. ಮಂಚಯ್ಯ, ನೀನೂ ಊರಲ್ಲಿ ಯೋಳು. ನನ್ ತಾವ ಕೊಂಡೋರೆಲ್ಲ ಬಂದು ತೂಗಿಸ್ಕಂಡು ಹೋಗ್ಲಿ."

ಚಲುವರಾಜು ಹಾಳೆಯನ್ನು ಎರಡು ಸಲ ಓದಿದ. ಪೇಪರಿನ ತುಂಡನ್ನು ಮಾತ್ರ ಮತ್ತೆ ಜೇಬಿನಿಂದ ತೆಗೆಯಲಿಲ್ಲ. ಬೆಟ್ಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ಮಗಳಿಗಾಗಿಯೋ ಆಚಾರ್ರಿಗಾಗಿಯೋ ಅವಳಿಗೇ ಗೊತ್ತಿರಲಿಲ್ಲ.

ಮನೆಗೆ ಬಂದು ಆಚಾರ್ರು ಹೆಂಡತಿಗೆ ಹೇಳಿದ್ದು ಇಷ್ಟೇ: "ಬಟ್ಟು ಹಳೇದಾಗಿ ಸವದವೆ ಕಣೇ. ಕಾಳಮ್ಮನ ಪದಕ ಬೇಕು." ನಾಗಲಕ್ಷ್ಮಮ್ಮ ಯಾಕೆ ಏನು ಎನ್ನದೆ ಕೈಮುಗಿದು ದೇವಿಯ ಕೊರಳಿನಿಂದ ಬಿಚ್ಚಿಕೊಟ್ಟರು. ಅದರ ಚಿನ್ನದಲ್ಲಿ, ಸರದಲ್ಲಿ ಕಮ್ಮಿಯಿದ್ದ ಅರ್ಧ ಗ್ರಾಮಿಗೆ ಎರಡು ಗುಂಡು ಸೇರಿದವು. ಗುರುವಾರ ರಂಜಿತ ಸರ ಹಾಕಿಕೊಂಡು, ಗಂಡನ ಹಿಂದೆ ಸೈಕಲ್ಲಿನ ಮೇಲೆ ಕೂತು ಅಂಗಡಿಯ ಮುಂದೆಯೇ ಹೋದಳು. ಆಚಾರ್ರು ತಲೆ ಎತ್ತಿದಾಗ ಅವಳು ಕೈ ಎತ್ತಿ ಮುಗಿದಳು.

ಮಾರನೆಯ ದಿನ ಶುಕ್ರವಾರ. ಹಿತ್ತಿಲಲ್ಲಿ ನಾಗಲಕ್ಷ್ಮಮ್ಮ ಹುಣಸೆಹಣ್ಣು ಕಿವುಚಿ ದೀಪ ಉಜ್ಜಿದರು, ಗಂಟೆ ಉಜ್ಜಿದರು. ಆಮೇಲೆ ಕೈ ತಾನಾಗಿ ಬಟ್ಟಿಗೆ ಹೋಯಿತು. ಒಂದು ಸುತ್ತು ಉಜ್ಜಿ ನಿಲ್ಲಿಸಿದರು. ಹೆಬ್ಬೆರಳಿಗೆ ಮೆತ್ತಿದ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದರು. ಬಾಗಿಲಲ್ಲಿ ನಿಂತಿದ್ದ ಆಚಾರ್ರಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

"ಸವೆಸ್ದೋಳು ನಾನಲ್ವಾ?" ಎಂದರು ನಾಗಲಕ್ಷ್ಮಮ್ಮ, ತಿರುಗಿ ನೋಡದೆ. "ನಾನು ತೊಳೀತಿದ್ದದ್ದು ಬರೀ ಕೊಳೆ ಅನ್ಕಂಡಿದ್ದೆ."

"ನೀನೊಬ್ಳೇ ಅಲ್ಲ. ನಮ್ಮವ್ವಾನೂ ತೊಳುದ್ಲು. ತೂಗಿ ನೋಡ್ದೆ ಕುಂತಿದ್ದೋನು ನಾನು."

ನಾಗಲಕ್ಷ್ಮಮ್ಮ ಬಟ್ಟನ್ನು ಬರೀ ನೀರಿನಲ್ಲಿ ಅದ್ದಿ ತೆಗೆದು, ಸೆರಗಿನಲ್ಲಿ ಒತ್ತಿ ಒರೆಸಿ, ಕಲ್ಲಿನ ಮೇಲೆ ಬಿಸಿಲಿಗಿಟ್ಟರು. ತಂಬಿಗೆಯಲ್ಲಿ ಉಳಿದ ಹುಣಸೆನೀರನ್ನು ಚೆಲ್ಲಿದರು. ಅದು ಎಂದಿನಂತೆ ಕಲ್ಲಿನ ಅಂಚಿನಿಂದ ಇಳಿದು ಕನಕಾಂಬರದ ಪಾತಿಗೆ ಹರಿದು ಇಂಗಿತು.