ಕಾರು ಬಸಪ್ಪನ ಹಳದಿ ದೀಪ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ಎಲ್ಲಾ ಊರಲ್ಲೂ ಇರುತ್ತಾರೆ. ಮರಡಿಕೊಪ್ಪಲಿನವರು ಅವರಿಗಿಂತ ಒಂದು ಹೆಜ್ಜೆ ಮುಂದೆ. ಕಾರು ತಾನಾಗಿ ನಿಂತಿತು ಅಂದಿದ್ದಕ್ಕೆ ಅದಕ್ಕೆ ಹಾರ ತಂದು ಹಾಕಿದರು.

ಆ ಕಾರು ರಾಜೇಂದ್ರನದು. ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು, ಊರ ಸಮುದಾಯ ಭವನದ ಬೀಗದ ಕೈ ಜೇಬಲ್ಲಿ ಹಾಕಿಕೊಂಡು ಓಡಾಡುವ ನಲವತ್ತೈದರ ಗಂಡಸು. ಅಡ್ಡ ಯಾರಾದರೂ ಬಂದರೆ ಕಾರು ತಾನೇ ಬ್ರೇಕು ಹಾಕಿಕೊಳ್ಳುತ್ತೆ ಅಂತ ಶೋರೂಮಿನವರು ಕೊಡುವಾಗಲೇ ಹೇಳಿದ್ದರು. ಹೊಸದರಲ್ಲಿ ಒಂದು ದಿನ ಈ ಪುಣ್ಯಾತ್ಮ ಫೋನು ನೋಡಿಕೊಂಡು ಬರುತ್ತಿದ್ದ. ಅದೇ ಹೊತ್ತಿಗೆ ಶಿವಣ್ಣ ಪಕ್ಕದ ಗದ್ದೆಯವನ ಜೊತೆ ಬದುವಿನ ಜಗಳ ಆಡುತ್ತಾ, ತಾನೇನಾದರೂ ಗಡಿಕಲ್ಲು ಜರುಗಿಸಿದ್ದರೆ ದೇವರು ನೋಡಿಕೊಳ್ಳಲಿ ಅಂತ ಕೂಗುತ್ತಾ ಹಿಮ್ಮುಖವಾಗಿ ರಸ್ತೆಗೆ ಬಂದ. ಕಾರು ಅವನ ಮೊಣಕಾಲಿಗೆ ಒಂದು ಗೇಣು ಬಿಟ್ಟು ನಿಂತಿತು. ನಾನು ಬ್ರೇಕು ತುಳಿಯಲೇ ಇಲ್ಲ ಕಣ್ಲಾ, ಅದೇ ನಿಂತುಕೊಳ್ತು ಅಂತ ರಾಜೇಂದ್ರ ಇಳಿದು ಬಂದು ಅಂದ. ಅಂದಿದ್ದೇ ತಪ್ಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗೆ ಶಿವಣ್ಣ ಅವತ್ತು ಸಂಜೆಯೇ ಹೋಗಿ ಗಡಿಕಲ್ಲನ್ನು ಮೊದಲಿದ್ದ ಜಾಗದಲ್ಲಿ ನೆಟ್ಟು ಬಂದ.

ಆ ಕಡೆಯ ಊರುಗಳಲ್ಲಿ ಏನಾದರೂ ತಕರಾರು ಬಂದರೆ ದೇವರ ಬಸಪ್ಪನನ್ನು ಕರೆಸುವುದು ವಾಡಿಕೆ. ಗುಡಿಗೆ ಬಿಟ್ಟ ಬಸವ ಅದು. ಮನೆ ಮನೆ ಮುಂದೆ ನಡೆದು ಯಾರ ಎದುರು ನಿಂತಿತೋ ಅವನದೇ ತಪ್ಪು, ಅಲ್ಲಿಗೆ ತೀರ್ಮಾನ. ಆ ವರ್ಷ ಬಸಪ್ಪನಿಗೆ ಗೊರಸು ನೋವು, ಎಲ್ಲಿಗೂ ಬರುತ್ತಿರಲಿಲ್ಲ. ಊರ ಹಿರಿಯ ಮರಿಸಿದ್ದಯ್ಯ ಎರಡು ದಿನ ಯೋಚನೆ ಮಾಡಿ, ಕಾಲು ಸರಿಯಿಲ್ಲದ ಬಸಪ್ಪ ಚಕ್ರದ ಮೇಲೆ ಬಂದವ್ನೆ ಅಂದ. ಸರಿ, ಸೋಮವಾರ ಸೋಮವಾರ ಕಾರಿಗೆ ಪೂಜೆ ಶುರುವಾಯಿತು. ಮುಂದೆ ಹೊಳೆಯುವ ಕಂಪನಿ ಗುರುತನ್ನೇ ಹಣೆ ಅಂದುಕೊಂಡು ಅರಿಶಿನ, ಗಂಧ, ತುಪ್ಪ, ಕುಂಕುಮ ಮೆತ್ತಿದರು. ಇದೆಲ್ಲ ಯಂತ್ರ ಕಣ್ರಪ್ಪ ಅಂತ ಹೇಳಬೇಕಾದವನು ರಾಜೇಂದ್ರ. ಹೇಳಲಿಲ್ಲ. ದೇವರ ಡ್ರೈವರು ಅಂತ ಟೀ ಅಂಗಡಿಯಲ್ಲಿ ಎದ್ದು ಜಾಗ ಬಿಡುತ್ತಿದ್ದರು. ಗೊಬ್ಬರ ಮಾರುವವನಿಗೆ ಆ ಮರ್ಯಾದೆ ಯಾರು ಕೊಡುತ್ತಾರೆ?

ಇಷ್ಟರಲ್ಲಿ ಊರ ಕೊಪ್ಪರಿಗೆ ಕಾಣೆಯಾಯಿತು. ಸಮುದಾಯ ಭವನದಲ್ಲಿದ್ದ ತಾಮ್ರದ ಕೊಪ್ಪರಿಗೆ, ನಾನೂರು ಜನಕ್ಕೆ ಸಾರು ಬೇಯುವಂಥದ್ದು, ಎತ್ತಲು ನಾಲ್ಕಾಳು ಬೇಕು. ಅದು ಊರ ಗಡಿ ದಾಟಬಾರದು ಅಂತ ಅಜ್ಜಂದಿರ ಕಾಲದ ಕಟ್ಟು.

ಅದು ಎಲ್ಲಿದೆ ಅಂತ ಊರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅವನೇ ರಾಜೇಂದ್ರ. ಬೆಳಕವಾಡಿಯ ಭಾವಮೈದ ಪುನೀತ ಬೀಗರೂಟಕ್ಕೆ ಬೇಕು ಅಂದಾಗ, ಊರೆಲ್ಲ ನಾಟಿಗೆ ಹೋಗಿದ್ದ ಹೊತ್ತು ನೋಡಿ ಅವನ ಕಡೆಯ ಆಳುಗಳಿಂದಲೇ ಎತ್ತಿಸಿ ಲಗೇಜ್ ಆಟೋದಲ್ಲಿ ಕಳಿಸಿದ್ದ. ಎರಡು ದಿನದಲ್ಲಿ ವಾಪಸ್ ಅಂದಿದ್ದ ಪುನೀತ, ಖಾಲಿ ಕೊಪ್ಪರಿಗೆಯನ್ನು ಒಲೆ ಮೇಲೆ ಮರೆತು ತಳಕ್ಕೆ ಅಂಗೈಯಗಲ ತೂತು ಮಾಡಿ, ಕೊಟ್ಟಿಗೆಯ ಹಿಂದೆ ಬೋರಲು ಹಾಕಿ ಅದರೊಳಗೆ ಕೋಳಿ ಮುಚ್ಚುತ್ತಿದ್ದ. ರಾಜೇಂದ್ರನಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಭವನದ ಇನ್ನೊಂದು ಬೀಗದ ಕೈ ಇದ್ದಿದ್ದು ದೇವಿರಮ್ಮನ ಹತ್ತಿರ. ಅರವತ್ತು ದಾಟಿದ ಮುದುಕಿ, ಗಂಡ ಇಲ್ಲ, ಮಕ್ಕಳಿಲ್ಲ. ಊರ ಮದುವೆ, ತಿಥಿ, ಹಬ್ಬ ಎಲ್ಲದಕ್ಕೂ ಅಡುಗೆ ಅವಳದೇ. ಕೊಪ್ಪರಿಗೆ ತೊಳೆದು ಇಡುವವಳೂ ಅವಳೇ, ಹಾಗಾಗಿ ಅನುಮಾನವೂ ಅವಳ ಮೇಲೇ ಹೋಯಿತು. ನಾಲ್ಕಾಳು ಎತ್ತುವ ಕೊಪ್ಪರಿಗೆಯನ್ನು ಈ ಒಣಕಲು ಜೀವ ಹೇಗೆ ಹೊತ್ತಿತು ಅಂತ ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಕಾರು ಬಸಪ್ಪನನ್ನೇ ಮನೆ ಮನೆ ಮುಂದೆ ಕರೆದುಕೊಂಡು ಹೋಗೋಣ ಅಂದರು.

ರಾಜೇಂದ್ರನೇ ಓಡಿಸಿದ. ಪ್ರತಿ ಮನೆಯವರೂ ಕುಂಕುಮ ಇಟ್ಟರು, ಹಣೆ ದಪ್ಪವಾಗುತ್ತಾ ಬಂತು. ದೇವಿರಮ್ಮ ಇಟ್ಟು ಕೈ ತೆಗೆದಳೋ ಇಲ್ಲವೋ, ಒಳಗೆ ಟಿಣ್ ಅಂತ ಸದ್ದಾಗಿ ಸ್ಟೇರಿಂಗಿನ ಹಿಂದೆ ಹಳದಿ ದೀಪ ಹತ್ತಿಕೊಂಡಿತು. ತಾನಾಗಿ ಹಾಕುವ ಬ್ರೇಕು ಕೆಲಸ ಮಾಡುತ್ತಿಲ್ಲ ಅನ್ನುವ ದೀಪ. ಕಿಟಕಿಯಲ್ಲಿ ತಲೆ ತೂರಿಸಿದ್ದ ಶಿವಣ್ಣ, ಹತ್ಕತು ಕಣ್ರಲಾ ಅಂತ ಊರಿಗೆಲ್ಲ ಕೇಳುವ ಹಾಗೆ ಕಿರುಚಿದ. ನ್ಯಾಯವಾಗಿ ನೋಡಿದರೆ ದೀಪ ಹತ್ತಿದ್ದು ಡ್ರೈವರಿನ ಮೂತಿಯ ಮುಂದೆ. ಅದನ್ನು ಯಾರೂ ಗಮನಿಸಲಿಲ್ಲ, ಡ್ರೈವರು ಬಿಟ್ಟು.

ಶುಕ್ರವಾರದ ಒಳಗೆ ಬಸಪ್ಪನ ಕೋಪ ಇಳಿದು ದೀಪ ಆರಬೇಕು, ಇಲ್ಲದಿದ್ದರೆ ದೇವಿರಮ್ಮ ಊರ ಸೌಟು ಮುಟ್ಟಬಾರದು ಅಂತ ಮರಿಸಿದ್ದಯ್ಯ ಹೇಳಿಬಿಟ್ಟ. ಸೌಟು ಬಿಟ್ಟರೆ ಅವಳಿಗೆ ಊಟವೂ ಇಲ್ಲ, ಹೆಸರೂ ಇಲ್ಲ. ಮಾರನೇ ಬೆಳಿಗ್ಗೆ ಒಗೆದ ಸೀರೆ ಉಟ್ಟು ರಾಜೇಂದ್ರನ ಬಾಗಿಲಿಗೆ ಬಂದು ನಿಂತಳು. ಅಳಲಿಲ್ಲ. ಈ ದೀಪ ಎಲ್ಲಿ ಆರಿಸ್ತಾರೋ ಅಲ್ಲಿಗೆ ಕರ್ಕೊಂಡು ಓಗಪ್ಪ, ನನ್ನ ಕಣ್ಣ ಮುಂದೆ ಆರಬೇಕು ಅಂದಳು. ರಾಜೇಂದ್ರ ಅವಳ ಮುಖ ನೋಡದೆ ಕಾರಿನ ಕೀ ತರಲು ಒಳಗೆ ಹೋದ. ಆದರೂ ಒಂದು ಸಮಾಧಾನ ಕಂಡಿತು. ದೀಪ ಆರಿಸಿಬಿಟ್ಟರೆ ಮುದುಕಿ ಬಚಾವು, ತಾನೂ ಬಚಾವು, ಬಾಯಿ ಬಿಡುವ ಗೋಜೇ ಇಲ್ಲ.

ಮಳವಳ್ಳಿಯ ಮೆಕ್ಯಾನಿಕ್ ಬ್ರೇಕ್ ಆಯಿಲ್ ನೋಡಿದ, ಸರಿಯಾಗಿತ್ತು. ಬ್ಯಾಟರಿ ವೈರು ಬಿಚ್ಚಿ ಕಟ್ಟಿದ. ದೀಪ ಆರಿತು. ದೇವಿರಮ್ಮ ಕೈ ಮುಗಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಹತ್ತಿತು, ಮುಗಿದ ಕೈಯನ್ನು ಹಾಗೇ ಮಡಿಲಿಗೆ ಇಳಿಸಿಕೊಂಡಳು.

ಮದ್ದೂರಿನ ದಾರಿಯುದ್ದಕ್ಕೂ ಅವಳು ಆ ದೀಪದ ಮೇಲಿಂದ ಕಣ್ಣು ತೆಗೆಯಲಿಲ್ಲ. ತಾನು ಯಾವ ಜನ್ಮದಲ್ಲಿ ಏನು ಮಾಡಿದ್ದೆನೋ ಅಂತ ಒಂದೊಂದೇ ಒಪ್ಪಿಸತೊಡಗಿದಳು. ಚಿಕ್ಕವಳಾಗಿದ್ದಾಗ ಯಾರದೋ ಹಿತ್ತಲಿನ ಸೀಬೆಹಣ್ಣು ಕಿತ್ತಿದ್ದು. ಒಂದು ತಿಥಿಯಲ್ಲಿ ಎರಡು ವಡೆ ಸೆರಗಿಗೆ ಕಟ್ಟಿಕೊಂಡಿದ್ದು. ಒಂದೊಂದು ಹೇಳಿದಾಗಲೂ ಬಗ್ಗಿ, ದೀಪ ಆರಿತಾ ಅಂತ ನೋಡುವಳು. ರಾಜೇಂದ್ರ ರಸ್ತೆ ನೋಡಿಕೊಂಡು ಗೇರು ಬದಲಾಯಿಸುತ್ತಿದ್ದ. ಅವನ ಜಾಗದಲ್ಲಿ ಕಲ್ಲು ಕೂತಿದ್ದರೂ ಕರಗುತ್ತಿತ್ತು, ಇವನು ಕರಗಲಿಲ್ಲ.

ಮದ್ದೂರಿನ ಫಕ್ರುದ್ದೀನ್ ಇಂಥ ಕಾರುಗಳಿಗೆ ಹೆಸರಾದವನು. ಸ್ಟೇರಿಂಗಿನ ಕೆಳಗೆ ಒಂದು ಮಿಷನ್ನು ಸಿಕ್ಕಿಸಿ ಓದಿದ. ಬ್ರೇಕಿಗೆ ಏನೂ ಆಗಿಲ್ಲ, ಮುಂದೆ ಏನಿದೆ ಅಂತ ನೋಡುವ ಕಣ್ಣು ಆ ಗುರುತಿನ ಹಿಂದೆ ಇರುತ್ತೆ, ಅದಕ್ಕೆ ಏನೂ ಕಾಣ್ತಿಲ್ಲ ಅಂದ. ಎದ್ದು ಮುಂದೆ ಹೋಗಿ ನೋಡಿ ಸೊಂಟಕ್ಕೆ ಕೈ ಇಟ್ಟು ನಿಂತುಬಿಟ್ಟ. ಒಂದು ಬೆರಳು ದಪ್ಪ ಅರಿಶಿನ ಕುಂಕುಮ ತುಪ್ಪದಲ್ಲಿ ಕಲೆಸಿ ಒಣಗಿತ್ತು.

"ಇಷ್ಟು ಪೂಜೆ ಮಾಡಿದ್ರೆ ಯಾರ ಕಣ್ಣಾದ್ರೂ ಮುಚ್ಚೋಗ್ತದೆ ಸಾರ್" ಅಂದ.

ಸೋಪು ನೀರಿನಲ್ಲಿ ನೆನೆಸಿ, ಬಟ್ಟೆಯಿಂದ ಮೆತ್ತಗೆ ಒರೆಸಿ ತೆಗೆದ. ಒಂದು ಬೊಟ್ಟು ಇಟ್ಟರೆ ಏನೂ ಆಗಲ್ಲ, ಹೀಗೆ ಗಿಲಾವು ಮಾಡಬೇಡಿ, ಇನ್ನು ಹೆದ್ದಾರಿಯಲ್ಲಿ ಒಂದಷ್ಟು ದೂರ ಓಡಿಸಿ, ತಾನೇ ಆರುತ್ತೆ ಅಂದ. ದೇವಿರಮ್ಮ ಕಾರಿನೊಳಗಿಂದ ಇಳಿದಿರಲಿಲ್ಲ. ದೀಪ ಬಿಟ್ಟು ಬರಲು ಅವಳಿಗೆ ಭಯ. ಮಂಡ್ಯದ ಕಡೆ ಹೊರಟರು. ಗೆಜ್ಜಲಗೆರೆ ದಾಟುವಾಗ ದೀಪ ಆರಿತು. ಮಂಡ್ಯ ಮುಟ್ಟಿ ತಿರುಗಿದರೂ ಹತ್ತಲಿಲ್ಲ. ಆಗ ಅತ್ತಳು ನೋಡಿ, ಮದ್ದೂರು ಮತ್ತೆ ಬರುವವರೆಗೂ ಅತ್ತಳು. ನೀನು ನನ್ನ ಮಗ ಇದ್ದಂಗೆ ಕಣಪ್ಪ ಅಂದಳು. ಆ ಮಾತು ಕೇಳಿದ್ದಕ್ಕಿಂತ ಎರಡು ಏಟು ತಿಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ರಾಜೇಂದ್ರನಿಗೆ.

ಸಂಜೆ ಮಾರಿಗುಡಿ ಮುಂದೆ ಊರೇ ಸೇರಿತ್ತು. ಶಿವಣ್ಣ ಕಿಟಕಿಯಲ್ಲಿ ತಲೆ ತೂರಿಸಿ ದೀಪ ಇಲ್ಲ ಅಂದ. ದೇವಿರಮ್ಮನದೇನೂ ತಪ್ಪಿಲ್ಲ ಅಂತಾಯಿತು. ಎಲ್ಲರೂ ಎದ್ದು ಮನೆಗೆ ಹೋಗಬಹುದಿತ್ತು. ಆದರೆ ಮರಿಸಿದ್ದಯ್ಯ ಕೂತಲ್ಲಿಂದಲೇ, ಅಂಗಾರೆ ಕದ್ದೋರ್ಯಾರು ಅಂತ ಕೇಳಿದ. ಇಂಜಿನು ಆನ್ ಇರಲಿ, ಮೊದಲಿಂದ ಮತ್ತೆ ಒಬ್ಬೊಬ್ಬರೇ ಕುಂಕುಮ ಇಡಿ, ಯಾರ ಕೈಗೆ ಹತ್ತುತ್ತೋ ನೋಡೇಬುಡೋಣ ಅಂದ.

ತಟ್ಟೆಯನ್ನು ದೇವಿರಮ್ಮನ ಕೈಗೇ ಕೊಟ್ಟರು. ಅವಳು ನೇರ ರಾಜೇಂದ್ರನ ಮುಂದೆ ಬಂದು ಹಿಡಿದಳು.

"ಮೊದಲು ನೀನಿಡಪ್ಪ. ನಿನ್ನಂಥೋನು ಇಟ್ರೆ ಸುಬ."

ಒಂದು ಬೊಟ್ಟಿಗೆ ಏನೂ ಆಗಲ್ಲ ಅಂತ ಫಕ್ರುದ್ದೀನ್ ಹೇಳಿದ್ದು ಅವನ ಕಿವಿಯಲ್ಲೇ ಇತ್ತು. ಇಟ್ಟು ಬಂದಿದ್ದರೆ ಮುಗಿಯುತ್ತಿತ್ತು. ಬೆರಳು ಕುಂಕುಮದಲ್ಲಿ ಅದ್ದಿದ, ಎತ್ತಲು ಆಗಲಿಲ್ಲ. ಮುದುಕಿಯ ಅತ್ತು ಊದಿದ ಕಣ್ಣು ಎದುರಿಗೇ ಇತ್ತು.

"ಕೊಪ್ಪರಿಗೆ ನಾನೇ ಕೊಟ್ಟಿದ್ದು. ಬೆಳಕವಾಡೀಲಿ ಪುನೀತನ ಮನೇಲದೆ. ತಳ ತೂತಾಗದೆ" ಅಂದ.

ಮರಿಸಿದ್ದಯ್ಯ ಎದ್ದು ಬಂದು, ಬಾಯಲ್ಲಿ ಏಳೋದು ಯಾಕೆ, ಬೊಟ್ಟು ಇಡು ಅಂದ. ರಾಜೇಂದ್ರ ಬೊಟ್ಟು ಇಟ್ಟ. ಶಿವಣ್ಣ ಒಳಗೆ ಬಗ್ಗಿ ನೋಡಿದ, ಮತ್ತೆ ನೋಡಿದ. ದೀಪ ಹತ್ತಲಿಲ್ಲ.

ಅಲ್ಲಿಗೆ ಎಲ್ಲರಿಗೂ ಅರ್ಥವಾಯಿತು. ಮುದುಕಿಯ ಮೇಲಿನ ಅಪವಾದ ತಾನು ಹೊತ್ತುಕೊಳ್ಳಲು ಪಾಪ ಸುಳ್ಳು ಹೇಳುತ್ತಿದ್ದಾನೆ, ಎಂಥ ದೊಡ್ಡ ಮನಸ್ಸು ಅಂತ ಮಾತಾಡಿಕೊಂಡರು. ನಿಜವಾಗಿ ನಾನೇ, ಬೇಕಾದರೆ ಪುನೀತನಿಗೆ ಫೋನು ಮಾಡಿ ಅಂತ ರಾಜೇಂದ್ರ ಬೇಡಿಕೊಂಡ. ಬಸಪ್ಪನೇ ಅಲ್ಲ ಅಂದ್ಮೇಲೆ ಪುನೀತ ಯಾವ ಊರ ದಾಸಯ್ಯ ಅಂದರು. ಶಿವಣ್ಣ ಕಾರಿನ ಹಾರ ತೆಗೆದು ಅವನ ಕೊರಳಿಗೇ ಹಾಕಿದ.

ಅಷ್ಟು ಜನದಲ್ಲಿ ಅವನ ಮಾತು ನಂಬಿದವಳು ಒಬ್ಬಳೇ. ದೇವಿರಮ್ಮ ಜನ ಸರಿಯುವವರೆಗೂ ಕಾದಳು. ಆಮೇಲೆ ಹತ್ತಿರ ಬಂದು ಕುಂಕುಮದ ತಟ್ಟೆಯನ್ನು ಅವನ ಕೈಗಿಟ್ಟು, ಅವನಿಗೆ ಮಾತ್ರ ಕೇಳುವ ಹಾಗೆ ಅಂದಳು:

"ನನ್ನ ಎಸರು ಉಳಿಸಕ್ಕೆ ಮಂಡ್ಯಗಂಟ ಕರ್ಕೊಂಡೋದಲ್ಲಪ್ಪ. ಬೆಳಕವಾಡಿ ಅದ್ಕಿಂತ ಅತ್ರ ಇತ್ತು."