ತೀರಿಕೊಂಡವರ ನೀರಿನ ಪಾಳಿ

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಒಂದು ಭೂತ ಬರುತ್ತಿತ್ತು. ಹೇಳಿದ ಕೆಲಸವನ್ನು ಹೇಳಿದಷ್ಟೇ ಮಾಡಿ, ಕೈಕಟ್ಟಿ ನಿಂತು, ಮುಂದೇನು ಎಂದು ಕೇಳುವ ಭೂತ. ಕಂಪ್ಲಿಯ ನಮ್ಮ ನೀರು ಬಳಕೆದಾರರ ಸಂಘದ ಕಂಪ್ಯೂಟರಿಗೆ ಈ ಜೂನ್‌ನಲ್ಲಿ ಅಂಥದೊಂದನ್ನು ಹಾಕಿದರು. ಅದರ ಹೆಸರು ಏಜೆಂಟ್. ಕನ್ನಡದಲ್ಲಿ ಟೈಪ್ ಮಾಡಿ ಹೇಳಿದರೆ ಸಾಕು, ಎಕ್ಸೆಲ್ ಹಾಳೆಯ ಒಂದೊಂದು ಚೌಕದ ಮನೆಗೂ ತಾನೇ ಹೋಗಿ ತಿದ್ದಿ ಬರುತ್ತದೆ. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಬಂದು, ಕಮಲಾಪುರದ ಕೆರೆ ನೋಡುತ್ತ ಅರ್ಧ ಕನಸಿನಲ್ಲೇ ಆಫೀಸಿಗೆ ಇಳಿಯುವ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವಂತಿರಲಿಲ್ಲ.

ನಮ್ಮ ಹಾಳೆಯಲ್ಲಿ ಇರುವುದು ಕಾಲುವೆ ನೀರಿನ ಪಾಳಿ. ಎಡಗಡೆ ವಾರ ಮತ್ತು ಗಂಟೆ, ಬಲಗಡೆ ಹೆಸರು. ಯಾರ ಹೆಸರು ಯಾವ ಗಂಟೆಯ ಎದುರಿಗಿದೆಯೋ ಅವರ ಹೊಲಕ್ಕೆ ಆ ಹೊತ್ತು ನೀರು. ಬೆಳಗಾಗುತ್ತಲೇ ಎಲ್ಲರ ಮೊಬೈಲಿಗೂ ಮೆಸೇಜ್ ಹೋಗುತ್ತದೆ; ಹಗಲಲ್ಲಿ ಪಟ್ಟಿ ಬದಲಾದರೆ ಆಗಲೇ ಇನ್ನೊಂದು. ವಾರದ ಹಿಂದಷ್ಟೇ ಬಂದಿದ್ದ ಹೊಸ ನೀರುಗಂಟಿ ರಾಯಣ್ಣ, ಮೆಸೇಜಿನಲ್ಲಿ ಇದ್ದ ಹಾಗೆ ತೂಬಿನ ಹಲಗೆ ಎತ್ತುತ್ತಿದ್ದರು.

ಸೋಮವಾರ ಸಂಜೆ ಕಾರ್ಯದರ್ಶಿಗಳು, ವಾರ್ಷಿಕ ಸಭೆ ಹತ್ತಿರ ಬಂತು, ಪಟ್ಟಿಗಳನ್ನೆಲ್ಲ ಚೊಕ್ಕ ಮಾಡಿಡು ಎಂದು ಹೇಳಿ ಹೋದರು. ಬಸ್ಸಿಗೆ ಹೊತ್ತಾಗಿತ್ತು. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ, ಒಂದೇ ಕೈಯಲ್ಲಿ, ತೀರಿಕೊಂಡವರ ಹೆಸರು ಎಲ್ಲ ಪಟ್ಟಿಗಳಿಂದಲೂ ತೆಗೆ ಎಂದು ಟೈಪ್ ಮಾಡಿದೆ. ಸದಸ್ಯರ ಹಾಳೆಯಲ್ಲಿ ಯಾರು ಯಾವಾಗ ತೀರಿಕೊಂಡರು ಎಂಬುದೆಲ್ಲ ಇತ್ತು. ಏಜೆಂಟ್ ಅದನ್ನು ನೋಡಿ, ಹದಿನಾಲ್ಕನೇ ತೂಬಿನ ಪಾಳಿಯಲ್ಲಿ ಹನ್ನೊಂದು ಹೆಸರು ತೆಗೆದೆ, ಖಾಲಿಯಾದ ಮನೆಗಳಿಗೆ ಕೆಳಗಿನ ಹೆಸರುಗಳನ್ನು ಸರಿಸಲೇ ಎಂದು ಕೇಳಿತು. ಸರಿಸು ಎಂದೆ. ಎಷ್ಟು ಚೆಂದ ಕೆಲಸ ಮಾಡುತ್ತದೆ ಎಂದುಕೊಂಡು ಬಸ್ ಹತ್ತಿದೆ.

ಮಂಗಳವಾರ ಹತ್ತೂವರೆಗೆ ಭೀಮವ್ವ ಬಂದರು. ಅರವತ್ತು ದಾಟಿದ ಹೆಂಗಸು, ಮೊಣಕಾಲಿನ ತನಕ ಕೆಸರು. ಕುಂದ್ರಿ ಅನ್ನುವುದಕ್ಕೂ ಬಿಡಲಿಲ್ಲ.

"ತಂಗಿ, ನಮ್ಮ ಪಾಳಿ ಯಾರಿಗೆ ಕೊಟ್ಟಿ?"

ಒಂಬತ್ತರಿಂದ ಹನ್ನೊಂದು ಅವರ ಸಸಿಮಡಿಗೆ ನೀರು ಬರಬೇಕಿತ್ತಂತೆ. ರಾಯಣ್ಣ ಪಕ್ಕದ ವಿರುಪಾಕ್ಷಪ್ಪನವರ ಗದ್ದೆಗೆ ಬಿಟ್ಟಿದ್ದರು. ಇವತ್ತು ತಪ್ಪಿದರೆ ಇನ್ನು ಎಂಟು ದಿನಕ್ಕೆ. ಅಷ್ಟು ದಿನ ಸಸಿ ತಡೆಯುವುದಿಲ್ಲ, ಈಗಲೇ ತುದಿ ಕೆಂಪಾಗಿದೆ ಎಂದರು. ಪಾಳಿ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ಭೀಮವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮನೆಯವರ ಹೆಸರಿನಲ್ಲಿ ಎಂದರು. ಗಂಡನ ಹೆಸರು ಬಾಯಲ್ಲಿ ಬರಲೊಲ್ಲದು.

"ಕೊಟ್ಟೂರಾಗ ದೇವರು ಅದಾನಲ್ಲ, ಅಂವನ ಹೆಸರು. ತಿಳಕೋ."

ಕೊಟ್ರಯ್ಯ. ಏಜೆಂಟ್ ಬರೆದಿಟ್ಟಿದ್ದ ಬದಲಾವಣೆಗಳ ಪಟ್ಟಿಯಲ್ಲಿ ಮೊದಲನೆಯದೇ ಅದು: ಕೊಟ್ರಯ್ಯ, ತೆಗೆಯಲಾಗಿದೆ, ತೀರಿಕೊಂಡು ಹತ್ತೊಂಬತ್ತು ವರ್ಷ. ಉಳಿದ ಹತ್ತು ಹೆಸರುಗಳನ್ನೂ ನೋಡಿದೆ. ಈ ಊರಿನಲ್ಲಿ ಪಾಳಿ ಇರುವುದು ಹೊಲಕ್ಕೆ, ಹೊಲ ಇರುವುದು ಅದನ್ನು ಹದ ಮಾಡಿದವರ ಹೆಸರಿನಲ್ಲಿ. ನಾನು ಒಂದೇ ಸಾಲಿನಲ್ಲಿ ಹನ್ನೊಂದು ಹೊಲಗಳ ನೀರು ನಿಲ್ಲಿಸಿದ್ದೆ.

ಎಲ್ಲವನ್ನೂ ಮೊದಲಿನಂತೆ ಮಾಡು ಎಂದೆ. ಆರು ಸೆಕೆಂಡಿಗೆ ಮಾಡಿತು. ಹತ್ತು ಮಂದಿಯ ಪಾಳಿ ಇನ್ನೂ ಮುಂದಿತ್ತು, ಅವರು ಉಳಿದರು. ಭೀಮವ್ವನದು ಮಾತ್ರ ಕಾಲುವೆಯಲ್ಲಿ ಹರಿದು ಹೋಗಿತ್ತು; ತೂಬು ಮುಟ್ಟುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ಜೊತೆಗೆ ಇನ್ನೊಂದು ತೊಡಕು: ಸರಿಯಾದ ಪಟ್ಟಿಯಲ್ಲಿ ಹನ್ನೊಂದರಿಂದ ಒಂದು ಗಂಟೆ ವಿರುಪಾಕ್ಷಪ್ಪನವರದೇ.

ಆಟೋ ಮಾಡಿಕೊಂಡು ಇಬ್ಬರೂ ತೂಬಿಗೆ ಹೋದೆವು. ವಿರುಪಾಕ್ಷಪ್ಪನವರು ಬದುವಿನ ಮೇಲೆ ಟವೆಲ್ ಹಾಸಿ ಕುಳಿತಿದ್ದರು. ಹಿಂದೆ ಗದ್ದೆ ಕೆರೆಯಂತೆ ತುಂಬಿ ಮಿನುಗುತ್ತಿತ್ತು. ತಪ್ಪು ನನ್ನದು, ಮುಂದಿನ ಎರಡು ಗಂಟೆ ಭೀಮವ್ವನವರಿಗೆ ಬಿಟ್ಟುಕೊಡಿ ಎಂದು ಕೇಳಿಕೊಂಡೆ. ಅವರು ಮೊಬೈಲನ್ನು ನನ್ನ ಮುಖದ ಹತ್ತಿರ ತಂದರು.

"ಹನ್ನೊಂದರಿಂದ ಒಂದು ನಂದ ಅಂತ ಈಗಷ್ಟ ಮೆಸೇಜ್ ಕಳಿಸೀರಲ್ರೀ ಮೇಡಂ. ಮುಂಜಾನಿದೂ ನಿಮ್ಮ ಕಂಪ್ಯೂಟರ್ ಕೊಟ್ಟಿದ್ದ. ನಾ ಏನ್ ಕದ್ದೀನೇನು?"

"ಕದಿಯಾಕ ಎದ್ದು ಹೋಗಬೇಕಾಗತೈತಿ. ನೀ ಕುಂತಲ್ಲೇ ಬಂದೈತಿ," ಎಂದರು ಭೀಮವ್ವ.

ರಾಯಣ್ಣ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಇದೆಲ್ಲ ಹೇಗಾಯಿತು ಎಂದು ವಿರುಪಾಕ್ಷಪ್ಪನವರು ಕೇಳಿದರು. ಹೇಳಿದೆ. ಮೊದಲು ಅವರೂ ನಕ್ಕರು, ಸತ್ತವರ ಹೆಸರು ಇನ್ನೂ ಇಟ್ಟುಕೊಂಡಿದ್ದಾರೆಯೇ ಎಂದು.

"ನಾ ಯಾಕ ತೆಗಸಲಿ?" ಭೀಮವ್ವನ ದನಿ ಏರಲಿಲ್ಲ. "ಕಲ್ಲು ಆರಿಸಿ ಹೊಲ ಮಾಡಿದವರು ಅವರು. ಪಾಳಿ ಅವರದು. ನಾ ನೋಡಿಕೊಂಡು ಹೋಗಾಕಿ ಅಷ್ಟ."

ವಿರುಪಾಕ್ಷಪ್ಪನವರು ಟವೆಲ್ಲಿನ ಅಂಚು ಹಿಂಜುತ್ತ ಕುಳಿತರು. ಅವರ ತಂದೆ ಪಂಪಾಪತಿಯವರ ಕಡತ ನಾನು ನೋಡಿದ್ದೆ. ತೀರಿಕೊಂಡ ತಿಂಗಳೇ ಮಗ ಅರ್ಜಿ ಕೊಟ್ಟು ಪಾಳಿಗೆ ತಮ್ಮ ಹೆಸರು ಹಾಕಿಸಿಕೊಂಡಿದ್ದರು. ನೀರಿನಲ್ಲಿ ಒಂದು ಕೊಕ್ಕರೆ ನಾಲ್ಕು ಹೆಜ್ಜೆ ನಡೆಯಿತು.

"ನಾ ಭಾಳ ಜಲ್ದಿ ಮಾಡಿದೆ," ಎಂದರು ವಿರುಪಾಕ್ಷಪ್ಪನವರು. "ನನ್ನ ಹೆಸರು ತೆಗೀರಿ. ಆ ಮನಿಯೊಳಗ ನಮ್ಮಪ್ಪನ್ನ ಕುಂದ್ರಸ್ರಿ. ಈ ಎರಡು ತಾಸು ಈಕಿಗೆ ಬಿಡ್ತೀನಿ."

ಬದುವಿನ ಮೇಲೆ ನಿಂತೇ ಮೊಬೈಲಿನಲ್ಲಿ ಟೈಪ್ ಮಾಡಿದೆ. ಪಂಪಾಪತಿಯವರು ತೀರಿಕೊಂಡಿದ್ದಾರೆಂದು ಸದಸ್ಯರ ಹಾಳೆಯಲ್ಲಿದೆ, ಆದರೂ ಬರೆಯಲೇ ಎಂದು ಏಜೆಂಟ್ ಕೇಳಿತು. ಬರೆ ಎಂದೆ. ಹೆಸರು ಎಂದಿದ್ದ ತಲೆಬರಹವನ್ನು ಅಳಿಸಿ ಹೊಲ ಎಂದು ಮಾಡು ಎಂದೂ ಹೇಳಿದೆ. ನಿಂತ ನಿಲುವಿನಲ್ಲೇ ಮಾಡಿತು. ವಿರುಪಾಕ್ಷಪ್ಪನವರ ಮೊಬೈಲ್ ಗುಂಯ್ ಎಂದಿತು. ಪಂಪಾಪತಿ, ಹನ್ನೊಂದರಿಂದ ಒಂದು. ಅವರು ಅದನ್ನು ಎರಡು ಸಲ ಓದಿ, ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿ, ಸಲಿಕೆ ಹಿಡಿದು ತಮ್ಮ ಗದ್ದೆಯ ಬಾಯಿಗೆ ತಾವೇ ಮಣ್ಣೆಳೆದರು.

ರಾಯಣ್ಣ ಪಕ್ಕದ ಹಲಗೆ ಎತ್ತಿದರು. ನೀರು ಭೀಮವ್ವನ ಕಾಲುವೆಗೆ ತಿರುಗಿತು, ಎರಡು ಮಾರು ಹೋಗಿ ಹುಲ್ಲಿಗೆ ಸಿಕ್ಕಿ ನಿಂತಿತು.

"ನೋಡ್ಕೋತ ನಿಂತೀಯಲ್ಲ ತಂಗಿ," ಎಂದರು ಭೀಮವ್ವ. "ಚಪ್ಪಲಿ ಬಿಡು, ಇಳಿ."

ಚೂಡಿದಾರದ ಪ್ಯಾಂಟು ಮಡಚಿ ಇಳಿದೆ. ಒಬ್ಬರು ಆಚೆ ಒಬ್ಬರು ಈಚೆ ಹುಲ್ಲು ಕಿತ್ತು ಎಸೆಯುತ್ತ ನೀರಿನ ಮುಂದೆ ಮುಂದೆ ನಡೆದೆವು. ಸಸಿಮಡಿಯ ಬಾಯಿ ಮುಟ್ಟುವಾಗ ಹನ್ನೊಂದೂ ಕಾಲು. ಬಿರುಕು ಬಿಟ್ಟ ಮಣ್ಣು ಸಣ್ಣಗೆ ಸುಯ್ಯೆನ್ನುತ್ತ ಕುಡಿಯತೊಡಗಿತು. ಭೀಮವ್ವ ಸೊಂಟಕ್ಕೆ ಕೈಯಿಟ್ಟು ನಿಂತು, ಇನ್ನೂ ಒಂದೂ ಮುಕ್ಕಾಲು ತಾಸು ಇದೆ, ಸಾಕು ಎಂದರು.