ಲೋಹಿತನ ಹೆಸರಿನ ಮೇಲಿನ ಗೆರೆ

ಚಳ್ಳಕೆರೆಯಲ್ಲಿ ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಗೋದಾಮಿನಲ್ಲಿ ಶಶಿರೇಖಾಳ ಪ್ರೆಸ್ಸಿತ್ತು. ಗೋಡೆಗೆ ಎಷ್ಟು ಸಲ ಸುಣ್ಣ ಹೊಡೆಸಿದರೂ ಬಿಸಿಲೇರಿದ ಕೂಡಲೇ ಶೇಂಗಾ ಹಿಂಡಿಯ ವಾಸನೆ ಏಳುತ್ತಿತ್ತು. ನಡುವೆ ಆನೆಮರಿಯಂತೆ ನಿಂತಿದ್ದು, ಶಿವಕಾಶಿಯಿಂದ ಲಾರಿಯಲ್ಲಿ ತರಿಸಿದ ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಯಂತ್ರ. ಬಹಳ ವರ್ಷ ಜೆರಾಕ್ಸ್ ಅಂಗಡಿ ನಡೆಸಿ ಆಮೇಲೆ ಅದನ್ನು ಕೊಂಡ ಶಶಿರೇಖಾಳಿಗೆ ಅದರ ಮೇಲೆ ಹೊಸ ಸೊಸೆಯ ಮೇಲಿರುವಷ್ಟು ಅಕ್ಕರೆ, ಅಷ್ಟೇ ಅನುಮಾನ.

ಅನುಮಾನಕ್ಕೆ ಕಾರಣ ಒಂದು ಅಡ್ಡಗೆರೆ. ಬರೀ ಅಕ್ಷರದ ಕೆಲಸವಾದರೆ ಅದು ಕಾಣುತ್ತಿರಲಿಲ್ಲ. ಹಾಳೆಯ ತುಂಬ ಬಣ್ಣ ಹಾಸಿದರೆ ಮಾತ್ರ ಆ ಅಂಚಿನಿಂದ ಈ ಅಂಚಿನವರೆಗೆ ಮಾಸಲು ಪಟ್ಟಿಯೊಂದು ಮೂಡುತ್ತಿತ್ತು. ಅವಳು ಅಕ್ಷರ ಮೂಡಿಸುವ ಪ್ಲೇಟು ಬದಲಿಸಿದಳು. ಸಿಲಿಂಡರಿಗೆ ಸುತ್ತಿದ ರಬ್ಬರ್ ಹೊದಿಕೆಯನ್ನೂ ಬದಲಿಸಿದಳು. ಗೆರೆ ಮಾತ್ರ ಹೋಗಲಿಲ್ಲ. ಯಂತ್ರ ಓಡಿಸುವ ರಾಜಣ್ಣ ಅದನ್ನು ಯಂತ್ರದ ಹಣೆಬರಹ ಎಂದು ಎಂದೋ ಒಪ್ಪಿಕೊಂಡುಬಿಟ್ಟಿದ್ದ.

ಮೊಳಕಾಲ್ಮೂರಿನ ಕಾಟಪ್ಪ ಮಗಳ ಲಗ್ನಪತ್ರಿಕೆ ಕೊಟ್ಟಿದ್ದು ಆಗಲೇ. ಕುಂಕುಮದ ಬಣ್ಣದ ನೆಲ, ಅದರ ಮೇಲೆ ಬಿಳಿ ಅಕ್ಷರ. ಮಾದರಿ ನೋಡಲು ಅವನು ತಾಯಿ ಬೋರಕ್ಕನನ್ನೂ ಮದುಮಗಳು ರಶ್ಮಿತಾಳನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೇ ಬಂದಿಳಿದ. ಬೋರಕ್ಕ ಹಾಳೆಯನ್ನು ಬಾಗಿಲ ಬಿಸಿಲಿಗೆ ಹಿಡಿದಳು. ಗೆರೆ ಸರಿಯಾಗಿ ಮದುಮಗ ಲೋಹಿತನ ಹೆಸರಿನ ಮೇಲೆ ಹಾದುಹೋಗಿತ್ತು.

"ಇದೇನವ್ವಾ, ಹುಡುಗನ ಹೆಸರು ಹೊಡೆದಾಕಿದ್ದೀರಲ್ಲ," ಎಂದಳು ಬೋರಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಇಂಥದ್ದನ್ನು ದೇವರ ಮುಂದೆ ಇಡುವುದಕ್ಕಾಗದು, ಬೀಗರಿಗಂತೂ ಕೊಡುವುದಕ್ಕೇ ಆಗದು ಎಂದು ಹಾಳೆ ಮಡಿಸಿ ಮೇಜಿನ ಮೇಲಿಟ್ಟಳು.

ರಾಜಣ್ಣ ಏನೋ ಹೊಳೆದವನಂತೆ ವೇಗ ತಗ್ಗಿಸಿ ನಾಲ್ಕು ಹಾಳೆ ತೆಗೆದ. ಲೋಹಿತನ ಹೆಸರು ಶುದ್ಧವಾಗಿತ್ತು. ಆದರೆ ಗೆರೆ ಒಂದು ಸಾಲು ಮೇಲೇರಿ ರಶ್ಮಿತಾಳ ಹೆಸರಿನ ಮೇಲೆ ಕೂತಿತ್ತು. ಮದುಮಗಳು ನಕ್ಕುಬಿಟ್ಟಳು, ಅಜ್ಜಿ ನಗಲಿಲ್ಲ. ಇನ್ನೂ ನಿಧಾನ ಮಾಡಿದರೆ ಅದು ಮಸುಕಾಗಿ, ಸೀದಾ ಮನೆದೇವರ ಹೆಸರಿಗೇ ಹತ್ತಿತು. ಬೋರಕ್ಕ ಕೆನ್ನೆ ಕೆನ್ನೆ ಬಡಿದುಕೊಂಡು "ವದ್ದು, ವದ್ದು" ಎಂದು ತೆಲುಗಿನಲ್ಲೇ ಬೇಡವೆಂದಳು. ಜೋರಾಗಿ ಓಡಿಸಿದಾಗ ಕೆಳಗಿಳಿದು ಮುಹೂರ್ತದ ಸಾಲಿಗೆ ಬಂತು. ಅದೂ ಬೇಡವೆಂದಾಯಿತು. ಕೊನೆಗೆ ಕಾಟಪ್ಪ, ಸುಖಾಗಮನ ಬಯಸುವವರ ಪಟ್ಟಿಯಲ್ಲಿ ತನ್ನ ಭಾವಮೈದ ಗಂಗರಾಜುವಿನ ಹೆಸರಿನ ಮೇಲೆ ಬಿದ್ದರೆ ತನ್ನ ಅಭ್ಯಂತರವೇನೂ ಇಲ್ಲ ಎಂದು ತಿಳಿಸಿದ.

ಅಜ್ಜಿಯನ್ನು ಬಿಟ್ಟು ಉಳಿದವರೆಲ್ಲ ನಗುತ್ತಿದ್ದರು. ಶಶಿರೇಖಾ ಮಾತ್ರ ಹಾಳೆಗಳನ್ನು ಸಾಲಾಗಿ ನೆಲಕ್ಕೆ ಹಾಸಿ ಕುಕ್ಕರಗಾಲಲ್ಲಿ ಕೂತಿದ್ದಳು. ಇಷ್ಟು ದಿನ ಅವಳು ಗೆರೆಯನ್ನು ಅಳಿಸಲು ನೋಡಿದ್ದಳೇ ಹೊರತು ಅದು ನಡೆದಾಡುವುದನ್ನು ನೋಡಿರಲಿಲ್ಲ. ಪ್ಲೇಟಿನಲ್ಲಿ ಗಾಯವಿದ್ದರೆ ಅದು ಇದ್ದಲ್ಲೇ ಇರಬೇಕು, ವೇಗಕ್ಕೆ ತಕ್ಕಂತೆ ಜಾಗ ಬದಲಿಸಬಾರದು. ಇದು ಗಾಯವಲ್ಲ, ನಡುಕ.

ಅವಳು ರಾಜಣ್ಣನನ್ನು ಕರೆದು, ಯಂತ್ರ ನಿಲ್ಲಿಸಿ ಸಿಲಿಂಡರುಗಳನ್ನು ಕೈಯಲ್ಲೇ ನಿಧಾನ ತಿರುಗಿಸಲು ಹೇಳಿದಳು. ಪ್ಲೇಟು ಒಂದು ಸಿಲಿಂಡರಿಗೆ, ರಬ್ಬರು ಅದಕ್ಕೆ ಒತ್ತಿ ಉರುಳುವ ಇನ್ನೊಂದಕ್ಕೆ; ಅವನ್ನು ಕಚ್ಚಿ ಹಿಡಿಯಲು ಎರಡಕ್ಕೂ ಉದ್ದಕ್ಕೆ ಒಂದೊಂದು ಸೀಳು ಇರುತ್ತದೆ. ಸುತ್ತಿಗೊಮ್ಮೆ ಆ ಸೀಳುಗಳು ಎದುರುಬದುರಾದಾಗ ಒತ್ತಡ ತಟ್ಟನೆ ತಪ್ಪಿ, ಮರುಕ್ಷಣ ಮತ್ತೆ ಬಂದು ಬಡಿಯುತ್ತದೆ. ಗಾಡಿ ಗುಂಡಿಗೆ ಬಿದ್ದು ಎದ್ದ ಹಾಗೆ. ಆ ಪೆಟ್ಟಿಗೆ ಸಿಲಿಂಡರು ಅದುರುತ್ತದೆ, ಅದುರಿದ ಜಾಗದಲ್ಲಿ ಬಣ್ಣ ತೆಳುವಾಗುತ್ತದೆ, ವೇಗ ಬದಲಾದರೆ ಆ ಜಾಗವೂ ಬದಲಾಗುತ್ತದೆ. ಪೆಟ್ಟು ಹೊರಲೆಂದೇ ಸಿಲಿಂಡರುಗಳ ಎರಡೂ ತುದಿಗೆ ಉಕ್ಕಿನ ಬಳೆಗಳಿರುತ್ತವೆ. ಅವು ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡೇ ಉರುಳಬೇಕು.

ಒತ್ತಿಕೊಂಡಿದ್ದಾವೋ ಇಲ್ಲವೋ ತಿಳಿಯಲು ಅವಳು ಎರಡೂ ಬದಿಯ ಬಳೆಗೆ ಹೆಬ್ಬೆರಳಿನಿಂದ ಮಸಿ ತಾಗಿಸಿದಳು. ಒಂದು ಸುತ್ತು ತಿರುಗಿಸಿದಾಗ ಈಚೆ ಬದಿಯ ಮಸಿ ಎದುರಿನ ಬಳೆಗೆ ಅಂಟಿತ್ತು. ಆಚೆ ಬದಿಯದು ಹಾಗೇ ಒದ್ದೆಯಾಗಿ ಉಳಿದಿತ್ತು.

"ರಾಜಣ್ಣ, ಈ ಕಡೆ ಬಳೆ ಮೇಲೆ ಏನೋ ಕಟ್ಟಿಕೊಂಡೈತೆ. ಆ ಕಡೆದು ಗಾಳೀಲಿ ತೇಲ್ತಾ ಐತೆ," ಎಂದಳು.

ರಾಜಣ್ಣ ಟಾರ್ಚು ಬಿಟ್ಟು ನೋಡಿದ. ಯಾವ ಕಾಲದ್ದೋ ಮಸಿ, ಗ್ರೀಸು, ಕಾಗದದ ಹುಡಿ ಸೇರಿ ಬಳೆಯ ಮೇಲೆ ಗಟ್ಟಿ ತೊಗಟೆಯಾಗಿತ್ತು. ಅವನು ಕತ್ತು ಕೆರೆದುಕೊಂಡು, ಬಣ್ಣ ಗಾಢವಾಗಲಿ ಅಂತ ತಾನು ರಬ್ಬರಿನ ಅಡಿಗೆ ಎರಡು ಹಾಳೆ ಹೆಚ್ಚಿಗೆ ಸೇರಿಸಿದ್ದೆನೆಂದೂ ಹೇಳಿದ. ಆ ದಪ್ಪಕ್ಕೂ ಸಿಲಿಂಡರುಗಳು ದೂರ ಸರಿದಿರಬೇಕು. ಶಶಿರೇಖಾ ಬೈಯಲಿಲ್ಲ. ಗಾಢ ಬೇಕು, ಇನ್ನೂ ಗಾಢ ಬೇಕು ಎಂದು ದಿನವೂ ಅವನ ಬೆನ್ನು ಹತ್ತಿದ್ದವಳು ಅವಳೇ.

ಮೇನ್ ಸ್ವಿಚ್ಚು ತೆಗೆದು, ಸೀಮೆಎಣ್ಣೆ ಬಟ್ಟೆ ಹಿಡಿದು ಇಬ್ಬರೂ ಕೂತರು. ರಶ್ಮಿತಾ ಸುಮ್ಮನೆ ನಿಲ್ಲಲಾರದೆ ಚೂಡಿದಾರದ ತೋಳು ಮಡಚಿ ತಾನೂ ಬಂದಳು. ಅರಿಶಿನ ಹಚ್ಚಬೇಕಾದ ಕೈಗೆ ಮಸಿಯೇ ಎಂದು ಅಜ್ಜಿ ಗೊಣಗಿದಳು. ಅಷ್ಟರಲ್ಲಿ ಲೋಹಿತನ ಫೋನು ಬಂತು. ರಶ್ಮಿತಾ ಭುಜಕ್ಕೂ ಕಿವಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು, "ನಿಮ್ಮ ಹೆಸರೇ ಉಜ್ಜುತಾ ಇದೀನಿ, ಆಮೇಲೆ ಮಾಡಿ," ಎಂದು ಇಟ್ಟಳು. ಬೋರಕ್ಕನಿಗೂ ಆಗ ನಗು ತಡೆಯಲಾಗಲಿಲ್ಲ.

ತೊಗಟೆ ಹೋದ ಮೇಲೆ ಉಕ್ಕು ಕನ್ನಡಿಯ ಹಾಗೆ ಹೊಳೆಯಿತು. ಹೆಚ್ಚಿನ ಹಾಳೆಗಳನ್ನು ಎಳೆದು ಹಾಕಿ, ಒತ್ತಡದ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿದು, ಮತ್ತೆ ಮಸಿ ತಾಗಿಸಿ ನೋಡಿದರು. ಈ ಸಲ ಎರಡೂ ಬದಿ ಒಂದೇ ಸಮ ಅಂಟಿತು. ಯಂತ್ರ ಚಾಲೂ ಆದಾಗ ರಾಜಣ್ಣ ಅದರ ಮೈಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತ. ಆಮೇಲೆ ವೇಗ ಏರಿಸಿದ.

ಹಾಳೆ ಒಂದರ ಹಿಂದೊಂದು ಬಂದು ಬೀಳತೊಡಗಿದವು. ಕುಂಕುಮದ ನೆಲ ಎಲ್ಲೂ ಕದಡಿರಲಿಲ್ಲ. ಬೋರಕ್ಕ ಒಂದನ್ನು ಬಾಗಿಲಿಗೆ ಒಯ್ದು ಮೇಲೆ, ಕೆಳಗೆ, ಓರೆಯಾಗಿ ಹಿಡಿದು ನೋಡಿದಳು. ತಪ್ಪು ಸಿಗದಿದ್ದದ್ದಕ್ಕೆ ಸ್ವಲ್ಪ ನಿರಾಸೆಯೇ ಆದಂತೆ ಕಂಡಿತು. ಶಶಿರೇಖಾಳ ಹತ್ತಿರ ಬಂದು, "ಮದುವೆಗೆ ನೀನು ಬರಲೇಬೇಕು, ಅಮ್ಮಾಯಿ. ಆ ರಾಜಣ್ಣನ್ನೂ ಕರ್ಕೊಂಡ್ ಬಾ," ಎಂದಳು.

ಇಬ್ಬರೂ ಹೋದರು. ಮೊಳಕಾಲ್ಮೂರಿನ ಚಪ್ಪರದಲ್ಲಿ ಬೋರಕ್ಕ ಶಶಿರೇಖಾಳ ಮುಂಗೈ ಹಿಡಿದುಕೊಂಡೇ ಬಂದವರಿಗೆಲ್ಲ ಪರಿಚಯ ಮಾಡಿಸಿದಳು, ಕೆಲವರಿಗೆ ಕನ್ನಡದಲ್ಲಿ, ಕೆಲವರಿಗೆ ತೆಲುಗಿನಲ್ಲಿ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ರೇಷ್ಮೆ ಸೀರೆಯ ವ್ಯಾಪಾರಿ ಪ್ರಭು, ಸೀರೆ ಡಬ್ಬಿಗಳಿಗೆ ಹೀಗೇ ತುಂಬು ಬಣ್ಣದ ಮುದ್ರಣ ಆಗುತ್ತದೆಯೇ, ಕಡುನೀಲಿ ಸಿಗುತ್ತದೆಯೇ ಎಂದು ವಿಚಾರಿಸಿದ. ಕಡುನೀಲಿ ಎಲ್ಲಕ್ಕಿಂತ ಹಟಮಾರಿ ಬಣ್ಣ, ಚೂರು ನಡುಕವಿದ್ದರೂ ಪಟ್ಟಿ ತೋರಿಸಿಬಿಡುತ್ತದೆ. ಶಶಿರೇಖಾ ರಾಜಣ್ಣನ ಕಡೆ ತಿರುಗಿದಳು. ಅವನು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವನು, ಬಾಯಿ ತುಂಬಿದ್ದರಿಂದ ಬರೀ ತಲೆಯಾಡಿಸಿದ.

"ಆಗುತ್ತೆ ಕಣ್ರಿ. ಸೋಮವಾರ ಬನ್ನಿ," ಎಂದಳು ಶಶಿರೇಖಾ.